ಹಲ್ಲು ಬರಲಿ ಅಂತ ಕಾಯಬೇಡಿ: ಆರನೇ ತಿಂಗಳ ಬಟ್ಟಲಿನ ಲೆಕ್ಕ

"ಹಲ್ಲೇ ಬಂದಿಲ್ಲ, ಏನ್ ಉಣ್ತದ ಕೂಸು?"

ಮಾನ್ವಿ ತಾಲೂಕಿನ ನಮ್ಮ ಕುರ್ಡಿ ಕಡೆ ಆರೇಳು ತಿಂಗಳ ಮಗು ಇರುವ ಮನೆಯಲ್ಲಿ ಅರ್ಧ ಗಂಟೆ ಕೂತರೆ ಹಿರಿಯರು ಯಾರಾದರೂ ಈ ಮಾತು ಆಡಿಯೇ ಆಡ್ತಾರೆ. ಕೇಳೋಕೆ ಸರಿಯಾಗೇ ಇದೆ. ಅಗಿಯಲು ಹಲ್ಲು ಬೇಕು, ಹಲ್ಲಿಲ್ಲ ಅಂದ್ರೆ ಹಾಲೇ ಸಾಕು. ಆದರೆ ಈ ತರ್ಕಕ್ಕೆ ಕೂಸುಗಳು ಕೊಡುತ್ತಿರುವ ಬೆಲೆ ದೊಡ್ಡದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6ರಿಂದ 8 ತಿಂಗಳ ಮಕ್ಕಳ ಪೈಕಿ ಎದೆಹಾಲಿನ ಜೊತೆಗೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಸಿಗುತ್ತಿರುವುದು ಶೇ 45.9 ಮಕ್ಕಳಿಗೆ ಮಾತ್ರ. 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಬಾರಿ, ಸಾಕಷ್ಟು ಬಗೆಯ ಊಟ ಸಿಗುತ್ತಿರುವವರು ಶೇ 11.3. ಅಂದರೆ ಒಂಬತ್ತು ಮಕ್ಕಳಲ್ಲಿ ಒಂದು.

ನನ್ನ ತಂಗಿಯ ಕೂಸಿಗೆ ಈಗ ಏಳು ತಿಂಗಳು. ಬಾಣಂತನ ಮುಗಿಸಿ ಗಂಡನ ಮನೆಗೆ ಹೋದ ಮೇಲೆ ಅವಳಿಂದ ವಾರಕ್ಕೆರಡು ಫೋನ್. "ಅಣ್ಣಾ, ಏನ್ ತಿನಸ್ಲಿ? ಎಷ್ಟ್ ತಿನಸ್ಲಿ?" ಆಮೇಲೆ ಎರಡನೇ ಪ್ರಶ್ನೆ: "ಬಾಜೂ ಮನಿ ಕೂಸು ಅಂಬೆಗಾಲಿಡಾಕ ಹತ್ತೇತಿ, ನಮ್ದಿನ್ನಾ ಕುಂದ್ರೋದ ಕಲೀವಲ್ದು." ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನು, ಡಾಕ್ಟರ್ ಅಲ್ಲ. ಆದರೆ ಈ ಎರಡೂ ಪ್ರಶ್ನೆಗಳ ಒಳಗೆ ಒಳ್ಳೆಯ ಲೆಕ್ಕ ಇದೆ. ಅದನ್ನು ಬಿಡಿಸಿ ಹೇಳೋದು ನನಗೆ ಬರೋ ಕೆಲಸ.

ಮೊದಲು, ಆರು ತಿಂಗಳೇ ಯಾಕೆ? ಅದೇನು ಪಂಚಾಂಗ ನೋಡಿ ಇಟ್ಟ ಮುಹೂರ್ತವಲ್ಲ. ಎದೆಹಾಲು ಬಹುತೇಕ ಎಲ್ಲ ವಿಷಯದಲ್ಲೂ ಪರಿಪೂರ್ಣ, ಆದರೆ ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಪ್ರಕೃತಿ ಇದಕ್ಕೊಂದು ಉಪಾಯ ಮಾಡಿದೆ. ಮಗು ಹುಟ್ಟುವಾಗಲೇ ತಾಯಿಯಿಂದ ಕಬ್ಬಿಣದ ಗಂಟು ಕಟ್ಟಿಕೊಂಡು ಬರುತ್ತೆ. ಆ ಗಂಟು ಹೆಚ್ಚುಕಡಿಮೆ ಆರು ತಿಂಗಳಿಗೆ ಖಾಲಿ. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆ ಇದ್ದ ಮಕ್ಕಳಲ್ಲಿ, ತಾಯಿಗೇ ರಕ್ತಹೀನತೆ ಇದ್ದ ಮಕ್ಕಳಲ್ಲಿ ಇನ್ನೂ ಬೇಗ. ಅದೇ ಸಮೀಕ್ಷೆ ಹೇಳುವಂತೆ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ, ಶೇ 52.2ರಷ್ಟು ಮಂದಿಗೆ, ರಕ್ತಹೀನತೆ ಇದೆ. ಖಾತೆಯಲ್ಲಿ ದುಡ್ಡು ಕಮ್ಮಿ ಹಾಕಿ ಕಳಿಸಿದರೆ ಬೇಗ ಮುಗಿಯುತ್ತೆ, ಅಷ್ಟೇ. ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಮೆದುಳು ಅತಿ ವೇಗವಾಗಿ ಬೆಳೆಯುವ ಕಾಲ ಇದು. ಆಗ ಆದ ಕಬ್ಬಿಣದ ಕೊರತೆಯನ್ನು ಆಮೇಲೆ ಪೂರ್ತಿ ತುಂಬಿಕೊಡುವುದು ಕಷ್ಟ.

ಹಾಗಂತ ಆರು ತಿಂಗಳಿಗೆ ಮೊದಲೇ ಶುರು ಮಾಡೋದೂ ಬೇಡ. ನಮ್ಮಲ್ಲಿ ಇದೂ ಇದೆ: ಹುಟ್ಟಿದ ಮೂರನೇ ದಿನಕ್ಕೆ ಜೇನು ನೆಕ್ಕಿಸೋದು, ಬಜೆ ತೇದು ಬಾಯಿಗಿಡೋದು, ಹೊಟ್ಟೆನೋವು ಅಂತ ಗ್ರೈಪ್ ವಾಟರ್, ಬ್ಯಾಸಗಿ ಅಂತ ಚಮಚ ನೀರು. ಅಂದ್ರೆ ಬೇಡದ ಕಾಲಕ್ಕೆ ಎಲ್ಲಾ ಕೊಡ್ತೀವಿ, ಬೇಕಾದ ಕಾಲಕ್ಕೆ ಹಲ್ಲು ಬರಲಿ ಅಂತ ಕಾಯ್ತೀವಿ! ಜೇನಂತೂ ಒಂದು ವರ್ಷದವರೆಗೆ ಬೇಡವೇ ಬೇಡ. ಅದರಲ್ಲಿ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತೆ, ಎಳೆಗೂಸಿನ ಕರುಳಿಗೆ ಆ ಶಕ್ತಿ ಇನ್ನೂ ಬಂದಿರೋದಿಲ್ಲ.

ಇನ್ನು ಬಟ್ಟಲಿನ ಲೆಕ್ಕ. 6ರಿಂದ 8 ತಿಂಗಳ ಮಗುವಿಗೆ ಎದೆಹಾಲಿನ ಹೊರತಾಗಿ ದಿನಕ್ಕೆ ಸುಮಾರು 200 ಕ್ಯಾಲೊರಿ ಊಟದಿಂದ ಬರಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. 9ರಿಂದ 11 ತಿಂಗಳಿಗೆ 300, ಒಂದರಿಂದ ಎರಡು ವರ್ಷದವರಿಗೆ 550. ದಿನಕ್ಕೆ ಎರಡು ಹೊತ್ತು ಅಂತಿಟ್ಟುಕೊಂಡರೆ ಒಂದು ಹೊತ್ತಿಗೆ 100 ಕ್ಯಾಲೊರಿ. ಮಗುವಿನ ಹೊಟ್ಟೆ ಎಷ್ಟು ಹಿಡಿಯುತ್ತೆ? ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿ. ಆರು ಕಿಲೋ ಕೂಸಿಗೆ 180 ಮಿಲಿ, ಅಂದರೆ ಒಂದು ದೊಡ್ಡ ಚಹಾ ಲೋಟ.

ಈಗ ನಮ್ಮ ಮನೆಗಳಲ್ಲಿ ಮಾಡುವ ಗಂಜಿ ನೋಡಿ. 200 ಮಿಲಿ ನೀರಿಗೆ ಒಂದೂವರೆ ಚಮಚ, ಅಂದಾಜು 15 ಗ್ರಾಂ ಅಕ್ಕಿ ಹಿಟ್ಟು. ನೂರು ಗ್ರಾಂ ಹಿಟ್ಟಿಗೆ 350 ಕ್ಯಾಲೊರಿ ಅಂದರೆ ಇಡೀ ಬಟ್ಟಲಿನಲ್ಲಿ ಇರೋದು 50 ಚಿಲ್ಲರೆ. ಮಗು ಪೂರ್ತಿ ಕುಡಿದರೂ ಹೊಟ್ಟೆ ತುಂಬಿತು, ಬೇಕಾದ್ದರಲ್ಲಿ ಅರ್ಧ ಸಿಕ್ಕಿತು. ಬೇಳೆಯ ಕಟ್ಟು ಕುಡಿಸುವುದಂತೂ ಇದಕ್ಕಿಂತ ಕಡೆ. ಬೇಳೆ ಪಾತ್ರೆಯ ತಳದಲ್ಲಿ, ಅದನ್ನು ತಿನ್ನೋರು ನಾವು, ಮಗುವಿಗೆ ಹಳದಿ ನೀರು. ಅಜ್ಜಿಗೆ ಸಮಾಧಾನ, "ಕೂಸು ಛಲೋ ಉಣ್ತು" ಅಂತ. ಅವರ ಮಾತಲ್ಲಿ ಸುಳ್ಳಿಲ್ಲ, ಹೊಟ್ಟೆ ನಿಜವಾಗಿಯೂ ತುಂಬಿರುತ್ತೆ.

ಹಾಗಾದ್ರೆ ಹಿಟ್ಟು ಜಾಸ್ತಿ ಹಾಕಿದ್ರಾಯ್ತಲ್ಲ ಅಂದ್ರೆ ಅಲ್ಲೊಂದು ತೊಡಕು. 30 ಗ್ರಾಂ ಹಾಕಿ ಕುದಿಸಿದರೆ ಆರುವ ಹೊತ್ತಿಗೆ ಪೋಸ್ಟರ್ ಅಂಟಿಸುವ ಸರಿ ಆಗಿರುತ್ತೆ. ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಎಂಜಿನಿಯರಿಂಗ್‌ನಲ್ಲಿ ಇದನ್ನು ಸ್ನಿಗ್ಧತೆ ಅಂತ ಪಾಠ ಮಾಡ್ತಾರೆ, ಏಳು ತಿಂಗಳ ಮಗು ಇದನ್ನು ನಾಲಿಗೆಯಿಂದ ಹೊರಗೆ ನೂಕಿ ಪಾಠ ಮಾಡುತ್ತೆ. ತಾಯಂದಿರು ಏನು ಮಾಡ್ತಾರೆ? ನೀರು ಬೆರೆಸ್ತಾರೆ. ಮತ್ತೆ ಮೊದಲಿನ ಲೆಕ್ಕಕ್ಕೇ ವಾಪಸ್.

ಇದಕ್ಕೆ ಪರಿಹಾರ ಹೊಸದೇನಲ್ಲ. ಹಳೇ ಮೈಸೂರು ಕಡೆಯ ಅಜ್ಜಿಯರಿಗೆ ಗೊತ್ತಿದ್ದದ್ದೇ: ಮೊಳಕೆ ಕಟ್ಟಿದ ರಾಗಿ. ಕಾಳು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ಕರಗಿಸಿಕೊಳ್ಳಲು ಅಮೈಲೇಸ್ ಎಂಬ ಕಿಣ್ವವನ್ನು ತಯಾರು ಮಾಡುತ್ತೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದೂವರೆ ಎರಡು ದಿನ ಮೊಳಕೆ ಕಟ್ಟಿ, ಬಿಸಿಲಿಗೆ ಒಣಗಿಸಿ, ಬೇರು ಉಜ್ಜಿ ತೆಗೆದು, ಬೀಸಿ ಇಟ್ಟುಕೊಳ್ಳಿ. ಗಟ್ಟಿ ಗಂಜಿ ಮಾಡಿ ಒಲೆಯಿಂದ ಇಳಿಸಿ, ಕೊಂಚ ಆರಿದ ಮೇಲೆ ಈ ಹಿಟ್ಟು ಒಂದು ಚಮಚ ಕಲಸಿ. ಕೆಲವೇ ನಿಮಿಷದಲ್ಲಿ ಅಂಟಿನಂತಿದ್ದ ಗಂಜಿ ಕಣ್ಣೆದುರೇ ಸಡಿಲಾಗುತ್ತೆ. ನೀರು ಹಾಕಿಲ್ಲ, ಕ್ಯಾಲೊರಿ ಕಮ್ಮಿಯಾಗಿಲ್ಲ, ಪಿಷ್ಟದ ಉದ್ದ ಸರಪಳಿಗಳು ತುಂಡಾಗಿವೆ ಅಷ್ಟೆ. ಆಮೇಲೆ ಒಂದು ಕುದಿ ಬರಿಸಿ ಆರಿಸಿ ಕೊಡಬೇಕು. ಕುದಿಯುವಾಗಲೇ ಹಾಕಿದರೆ, ಅಥವಾ ಮೊಳಕೆ ಹಿಟ್ಟನ್ನು ಮೊದಲೇ ಕಪ್ಪಾಗುವಂತೆ ಹುರಿದಿದ್ದರೆ, ಕಿಣ್ವ ಸತ್ತುಹೋಗಿ ಏನೂ ಆಗಲ್ಲ. ನಾನು ಇದನ್ನು ಅಡುಗೆಮನೆಯಲ್ಲಿ ಮಾಡಿ ತೋರಿಸಿದಾಗ ಅವ್ವ ಹೇಳಿದ್ದು, "ನಾಕ್ ವರ್ಷ ಕಾಲೇಜಿಗಿ ರೊಕ್ಕ ಕಟ್ಟಿದ್ದು ಇದಕ್ಕರ ಆತು ಬಿಡು."

1950ರಲ್ಲಿ ಮೈಸೂರಿನಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ನಾವೆಲ್ಲ ಸಿಎಫ್‌ಟಿಆರ್‌ಐ ಅನ್ನೋದು, ಮಕ್ಕಳ ಆಹಾರದ ಮೇಲೆ ದಶಕಗಳ ಕೆಲಸ ಮಾಡಿದೆ. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಅಲ್ಲಿಂದಲೇ ಬಂದದ್ದು, ಅಮುಲ್ ಅದನ್ನು ಮಾರುಕಟ್ಟೆಗೆ ತಂದಿತು. ಮೊಳಕೆ ರಾಗಿಯ ಮೇಲೂ ಅಲ್ಲಿ ಸಾಕಷ್ಟು ಸಂಶೋಧನೆ ಆಗಿದೆ.

ನಮ್ಮ ಸೀಮೆ ಜೋಳದ್ದು, ಜೋಳವನ್ನೇ ಮೊಳಕೆ ಕಟ್ಟಬಹುದಲ್ಲ ಅಂತ ನಿಮಗೆ ಅನಿಸಬಹುದು. ಇಲ್ಲೊಂದು ಎಚ್ಚರಿಕೆ. ಜೋಳದ ಎಳೆ ಮೊಳಕೆಯಲ್ಲಿ ಡುರಿನ್ ಎಂಬ ಅಂಶ ಇರುತ್ತೆ, ಅದರಿಂದ ಸಯನೈಡ್ ಬಿಡುಗಡೆಯಾಗುತ್ತೆ. ಎಳೆ ಜೋಳದ ಬೆಳೆ ಮೇಯ್ದು ದನ ಸಾಯೋದನ್ನು ನಮ್ಮ ರೈತರು ಕಂಡೇ ಇದ್ದಾರೆ, ಕಾರಣ ಇದೇ. ಮಗುವಿನ ಮೊಳಕೆ ಹಿಟ್ಟಿಗೆ ರಾಗಿ ಅಥವಾ ಗೋಧಿ ಇಟ್ಟುಕೊಳ್ಳಿ. ಮೊಳಕೆ ಕಟ್ಟದ ಜೋಳದ ನುಚ್ಚು, ಸಂಕಟಿ, ಬೇಳೆಯಲ್ಲಿ ನೆನೆಸಿ ಹಿಚುಕಿದ ಮೆತ್ತನೆ ರೊಟ್ಟಿ, ಇವಕ್ಕೆ ಯಾವ ಅಡ್ಡಿಯೂ ಇಲ್ಲ.

ಇಷ್ಟೆಲ್ಲ ಮಾಡೋಕೆ ಪುರುಸೊತ್ತಿಲ್ಲದವರಿಗೆ ಇನ್ನೂ ಸುಲಭದ ದಾರಿ: ಅನ್ನ-ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ, ಸೋಸದೆ, ಹಿಚುಕಿ, ಮೇಲೊಂದು ಚಮಚ ತುಪ್ಪವೋ ಶೇಂಗಾ ಎಣ್ಣೆಯೋ ಹಾಕೋದು. ಐದು ಗ್ರಾಂ ಎಣ್ಣೆ ಅಂದ್ರೆ 45 ಕ್ಯಾಲೊರಿ. ಚಮಚ ಓರೆ ಮಾಡಿದರೆ ಊಟ ಸರಕ್ಕನೆ ಹರಿದುಹೋಗಬಾರದು, ನಿಧಾನವಾಗಿ ಜಾರಬೇಕು. ಇದೊಂದೇ ಪರೀಕ್ಷೆ ಸಾಕು. ಉಪ್ಪು, ಸಕ್ಕರೆ ಒಂದು ವರ್ಷದವರೆಗೆ ಬೇಡ. ಸಪ್ಪೆ ಅನಿಸೋದು ನಮ್ಮ ನಾಲಿಗೆಗೆ, ಕೂಸಿನ ನಾಲಿಗೆಗಲ್ಲ.

ಕಬ್ಬಿಣದ ವಿಷಯಕ್ಕೆ ಬಂದರೆ ಅನ್ನ-ಬೇಳೆ ಒಂದರಿಂದಲೇ ಆಗೋದಿಲ್ಲ. ಮೊಟ್ಟೆ, ಮಾಂಸ, ಮೀನು ತಿನ್ನುವ ಮನೆಗಳಲ್ಲಿ ಆರು ತಿಂಗಳಿಂದಲೇ ಮಗುವಿಗೂ ಕೊಡಬಹುದು, ಕೊಡಬೇಕು. 2023ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇವುಗಳನ್ನು ದಿನಾ ಕೊಡಿ ಅನ್ನುತ್ತೆ. ವಿಚಿತ್ರ ನೋಡಿ, ಮನೆಮಂದಿಯೆಲ್ಲ ಭಾನುವಾರ ಕೋಳಿ ತಿಂತಾರೆ, ಒಂದು ವರ್ಷದ ಮಗುವಿಗೆ ಮಾತ್ರ "ಹೀಟ್ ಆಗ್ತದ" ಅಂತ ಬರೀ ಅನ್ನ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್, 70 ಕ್ಯಾಲೊರಿ ಇರುತ್ತೆ. ಬಿಸ್ಕತ್ ಪುಡಿಕೆಯ ದುಡ್ಡಿಗೆ ಹೆಚ್ಚುಕಡಿಮೆ ಸಮ. ಸಸ್ಯಾಹಾರಿ ಮನೆಯಾದರೆ ಬೇಳೆ, ಹೆಸರುಕಾಳು, ಸೊಪ್ಪು, ಜೊತೆಗೆ ನಾಲ್ಕು ಹನಿ ನಿಂಬೆರಸ. ಹುಳಿಯಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಒಳಗೆಳೆಯಲು ನೆರವಾಗುತ್ತೆ. ಇದರ ಮೇಲೆ ಸರ್ಕಾರದ ಕಬ್ಬಿಣದ ಸಿರಪ್ ಇದೆ: 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ವಾರಕ್ಕೆರಡು ಸಲ ಒಂದೊಂದು ಮಿಲಿ, ಆಶಾ ಕಾರ್ಯಕರ್ತೆ ಕೊಡಬೇಕು. ಮಲ ಕಪ್ಪಾಯ್ತು ಅಂತ ಹೆದರಿ ಬಾಟಲಿಯನ್ನು ಮೂಲೆಗಿಡೋರು ಬಹಳ. ಕಪ್ಪಾಗೋದು ಸಹಜ.

ಶೇಂಗಾ ನಮ್ಮ ಊರಿನದೇ ಬೆಳೆ. ಅಲರ್ಜಿ ಭಯಕ್ಕೆ ಅದನ್ನು ಮುಂದೂಡಿ ಅಂತ ಒಂದು ಕಾಲದಲ್ಲಿ ಹೇಳುತ್ತಿದ್ದರು. 2015ರಲ್ಲಿ ಇಂಗ್ಲೆಂಡಿನ ಲೀಪ್ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಅಲರ್ಜಿಯ ಅಪಾಯ ಹೆಚ್ಚಿದ್ದ ಮಕ್ಕಳಿಗೇ ಎಳವೆಯಲ್ಲಿ ಶೇಂಗಾ ಕೊಟ್ಟಾಗ ಅಲರ್ಜಿ ಸುಮಾರು ಶೇ 80ರಷ್ಟು ಕಡಿಮೆಯಾಯ್ತು. ಆದರೆ ನುಣ್ಣನೆ ಪುಡಿ ಮಾಡಿ ಗಂಜಿಗೆ ಬೆರೆಸಿ ಮಾತ್ರ. ಇಡೀ ಕಾಳು, ಪುಟಾಣಿ, ದ್ರಾಕ್ಷಿ ಹಣ್ಣು ಗಂಟಲಲ್ಲಿ ಸಿಕ್ಕಿ ಜೀವ ತೆಗೆಯಬಹುದು.

ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ರಾಯಚೂರು, ದೇವದುರ್ಗ, ಮಾನ್ವಿ ಎಲ್ಲಿಗೆ ಹೋದರೂ ಕೂಸಿನ ಮೊದಲ ಗಟ್ಟಿ ಆಹಾರ ಅದೇ. ಮೈದಾ, ಸಕ್ಕರೆ, ಜೊತೆಗೆ ಊಟದ ಕಬ್ಬಿಣವನ್ನು ಕರುಳಲ್ಲೇ ಕಟ್ಟಿಹಾಕುವ ಚಹಾದ ಒಗರು. ಡಬ್ಬಿ ಆಹಾರವೂ ಸಾಚಾ ಅಂತಲ್ಲ. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನಲ್ಲಿ ಒಂದು ಸಲದ ಊಟಕ್ಕೆ ಸರಾಸರಿ ಸುಮಾರು ಮೂರು ಗ್ರಾಂ ಸೇರಿಸಿದ ಸಕ್ಕರೆ ಇದೆ ಎಂದು ವರದಿ ಮಾಡಿತು. ಐದು ವರ್ಷಗಳಲ್ಲಿ ಸಕ್ಕರೆಯನ್ನು ಶೇ 30ರವರೆಗೆ ಇಳಿಸಿದ್ದೇವೆ ಅಂತ ನೆಸ್ಲೆ ಕಂಪನಿ ಉತ್ತರಿಸಿತು. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸಿವೆ. ಬಿಸ್ಕತ್ತಿಗೆ ಆ ತಡೆ ಇಲ್ಲ.

ತಂಗಿಯ ಎರಡನೇ ಪ್ರಶ್ನೆ, ಬಾಜೂ ಮನಿ ಕೂಸಿನದ್ದು. ಮಗುವಿನ ಒಂದೊಂದು ಹೆಜ್ಜೆಗೂ ನಮ್ಮಲ್ಲಿ ಸಂಭ್ರಮ ಇದೆ. ಪಕ್ಕದ ತೆಲುಗು ಸೀಮೆಯಲ್ಲಂತೂ ಮಗು ಬೋರಲು ಬಿದ್ದರೆ ಹೋಳಿಗೆ, ಹೆಜ್ಜೆ ಇಟ್ಟರೆ ಅತ್ತರಸ ಅಂತ ಪಟ್ಟಿಯೇ ಉಂಟು. ಸಂಭ್ರಮ ಸರಿ, ಪೈಪೋಟಿ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕದ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಂಕಿ ನೋಡಿದರೆ ಎದೆ ಹಗುರಾಗುತ್ತೆ. ಆಸರೆ ಇಲ್ಲದೆ ಕೂರೋದು 3.8 ತಿಂಗಳಿಂದ 9.2 ತಿಂಗಳೊಳಗೆ ಯಾವಾಗ ಬೇಕಾದರೂ ಬರಬಹುದು. ಅಂಬೆಗಾಲು 5.2ರಿಂದ 13.5. ತಾನೇ ನಡೆಯೋದು 8.2ರಿಂದ 17.6. ಅಂದರೆ ಇಬ್ಬರು ಪೂರ್ತಿ ಆರೋಗ್ಯವಂತ ಮಕ್ಕಳ ನಡುವೆ ಒಂಬತ್ತು ತಿಂಗಳ ಅಂತರ ಇರಬಹುದು. ಶೇ 4ರಷ್ಟು ಮಕ್ಕಳು ಅಂಬೆಗಾಲಿಡಲೇ ಇಲ್ಲ, ನೇರ ಎದ್ದು ನಡೆದವು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ ಎಣಿಸಬೇಕು.

ಹಾಗಂತ "ತಡಾ ಆದ್ರ ಏನಾತು, ಅವರಪ್ಪನೂ ಹಂಗ ಇದ್ದ" ಅಂತ ಕೂರುವ ಕೆಲವು ಸಂದರ್ಭಗಳಿವೆ, ಅವು ಅಪಾಯ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಮುಖ ನೋಡಿ ನಗದಿದ್ದರೆ, ಒಂಬತ್ತು ಹತ್ತು ತಿಂಗಳಾದರೂ ಕೂರದಿದ್ದರೆ, ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಡಾಕ್ಟರಿಗೆ ತೋರಿಸಬೇಕು. ವರ್ಷದೊಳಗೇ ಒಂದೇ ಕೈ ಬಳಸುತ್ತಿದ್ದರೂ ಅಷ್ಟೇ. ಎಲ್ಲಕ್ಕಿಂತ ಮುಖ್ಯ, ಬಂದಿದ್ದ ವಿದ್ಯೆ ಮರೆತರೆ ಒಂದು ದಿನವೂ ಕಾಯಬಾರದು. ಬೇಗ ನಡೆಯಲಿ ಅಂತ ವಾಕರ್ ತರೋದು ಬೇಡ. ಅದು ನಡಿಗೆ ಕಲಿಸೋದಿಲ್ಲ, ಒಲೆ-ಮೆಟ್ಟಿಲ ಹತ್ತಿರ ಕರೆದೊಯ್ಯುತ್ತೆ. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ.

ಈ ಮೈಲಿಗಲ್ಲುಗಳಿಗೂ ಊಟಕ್ಕೂ ನೇರ ಸಂಬಂಧ ಇದೆ. ಊಟಕ್ಕೆ ಸಿದ್ಧವಾಗಿದೆಯಾ ಅಂತ ಬಾಯೊಳಗೆ ಹಲ್ಲು ಹುಡುಕಬೇಡಿ, ಕತ್ತು ನೋಡಿ. ಕತ್ತು ನಿಂತು, ಆಸರೆ ಕೊಟ್ಟರೆ ಕೂತು, ನಿಮ್ಮ ತಟ್ಟೆಗೆ ಕೈ ಚಾಚಿದರೆ ಸಿದ್ಧ. ಒಸಡೇ ಮೆತ್ತನೆ ಊಟವನ್ನು ಅರೆಯಬಲ್ಲದು. ಒಂಬತ್ತು ತಿಂಗಳ ಸುಮಾರಿಗೆ ಹೆಬ್ಬೆರಳು-ತೋರುಬೆರಳು ಸೇರಿಸಿ ಅಗುಳು ಹೆಕ್ಕಲು ಬರುತ್ತೆ, ಆಗ ಹೆಕ್ಕಲು ಬಿಡಿ, ಚೆಲ್ಲಲಿ. ಮಿಕ್ಸಿಯಲ್ಲಿ ನುಣ್ಣಗೆ ಮಾಡೋದನ್ನು ಅಷ್ಟರೊಳಗೆ ನಿಲ್ಲಿಸಬೇಕು. ಇಂಗ್ಲೆಂಡಿನ ಏವನ್ ಪ್ರದೇಶದ ಮಕ್ಕಳ ಅಧ್ಯಯನದಲ್ಲಿ, ಹತ್ತು ತಿಂಗಳ ನಂತರವೇ ಗಟ್ಟಿ ತುಣುಕು ಕಂಡ ಮಕ್ಕಳಿಗೆ ಆಮೇಲೆ ಊಟದ ತಕರಾರು ಜಾಸ್ತಿ ಇತ್ತು. ಹೊಸ ರುಚಿಯನ್ನು ಮೊದಲ ಸಲ ಉಗುಳಿದರೆ ಇಷ್ಟ ಇಲ್ಲ ಅಂತ ತೀರ್ಮಾನಿಸಬೇಡಿ, ಎಂಟು ಹತ್ತು ಸಲ ನೋಡಬೇಕಾಗುತ್ತೆ.

ನಮಗೆ ಹತ್ತಿರದ ಒಂದು ಅಧ್ಯಯನ ನಲ್ಗೊಂಡದ್ದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಅಲ್ಲಿನ 60 ಹಳ್ಳಿಗಳ 600 ತಾಯಿ-ಮಗು ಜೋಡಿಗಳ ಜೊತೆ ಕೆಲಸ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಏನು ತಿನಿಸಬೇಕು ಅಂತಷ್ಟೇ ಅಲ್ಲ, ಮಗುವಿನ ಮುಖ ನೋಡುತ್ತಾ, ಮಾತಾಡಿಸುತ್ತಾ, ಅದರ ಹಸಿವಿನ ಸನ್ನೆ ಓದುತ್ತಾ ತಿನಿಸೋದು, ಆಡಿಸೋದು ಹೇಗೆ ಅಂತಲೂ ಹೇಳಿಕೊಟ್ಟ ಹಳ್ಳಿಗಳಲ್ಲಿ ಮಕ್ಕಳ ಬುದ್ಧಿ ಬೆಳವಣಿಗೆಯ ಅಂಕ ಹೆಚ್ಚಿತ್ತು. ಮೊಬೈಲ್ ತೋರಿಸಿ ಬಾಯಿಗೆ ತುರುಕೋದು ಇದಕ್ಕೆ ತದ್ವಿರುದ್ಧ.

ಆದರೆ ಮುಖ ನೋಡುತ್ತಾ ತಿನಿಸಲು ಯಾರಾದರೂ ಮಗುವಿನ ಎದುರು ಇರಬೇಕಲ್ಲ? ನಮ್ಮ ಭಾಗದ ನಿಜವಾದ ಸಮಸ್ಯೆ ಇಲ್ಲಿದೆ, ಇದನ್ನು ತಾಯಂದಿರ ಅಜ್ಞಾನ ಅಂತ ತೇಲಿಸೋದು ನನಗೆ ಒಪ್ಪಿಗೆಯಿಲ್ಲ. ಮಗುವಿಗೆ ಊಟ ಶುರುವಾಗಬೇಕಾದ ಹೊತ್ತಿಗೇ ತಾಯಿ ಹತ್ತಿ ಬಿಡಿಸಲು, ಭತ್ತ ನಾಟಿಗೆ ವಾಪಸ್ ಹೋಗಿರುತ್ತಾಳೆ. ಕೂಲಿ ಬಿಟ್ಟರೆ ಒಲೆ ಉರಿಯಲ್ಲ. ಕೂಸು ಬೇವಿನ ಮರದ ಸೀರೆ ಜೋಲಿಯಲ್ಲಿ, ಕಾಯಲು ಏಳು ವರ್ಷದ ಅಕ್ಕ. ಅವಳ ಕೈಯಲ್ಲಿ ಐದು ರೂಪಾಯಿ ಬಿಸ್ಕತ್ ಪುಡಿಕೆ. ಆರು ತಿಂಗಳ ಮಗು ದಿನಕ್ಕೆ ಎರಡು ಮೂರು ಸಲ ಉಣ್ಣಬೇಕು ಅನ್ನೋ ಮಾರ್ಗಸೂಚಿ ಆ ಮರದ ಕೆಳಗೆ ಬಂದು ನಿಂತುಬಿಡುತ್ತೆ.

2011ರಲ್ಲಿ ರಾಯಚೂರು ಜಿಲ್ಲೆಯ ಅಪೌಷ್ಟಿಕ ಮಕ್ಕಳ ಸಾವಿನ ಸುದ್ದಿ ರಾಜ್ಯವನ್ನೇ ಬೆಚ್ಚಿಬೀಳಿಸಿತು. ವಿಷಯ ಹೈಕೋರ್ಟಿಗೆ ಹೋಗಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ ಆಯಿತು. 2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಸೇರಿದ್ದು ಎರಡೇ, ರಾಯಚೂರು ಮತ್ತು ಯಾದಗಿರಿ. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನೀರು ಕುಡಿದು ಜನ ಸತ್ತರು. ಗಂಜಿ ಕಲಸೋದೂ ನೀರಿನಲ್ಲೇ ತಾನೆ? ಆರು ತಿಂಗಳ ನಂತರ ಮಕ್ಕಳಿಗೆ ಭೇದಿ ಹೆಚ್ಚಲು ಊಟ ಕಾರಣವಲ್ಲ, ಬಟ್ಟಲು, ಕೈ, ನೀರು ಕಾರಣ. ಕುದಿಸಿ ಆರಿಸಿದ ನೀರು, ಸೋಪಿನಲ್ಲಿ ತೊಳೆದ ಕೈ, ಬಾಟಲಿ ಬಿಟ್ಟು ಬಟ್ಟಲು-ಚಮಚ.

ಹಕ್ಕಿನ ಮಾತು ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಹೇಳ್ತೀನಿ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ 6 ತಿಂಗಳು ತುಂಬಿದ ದಿನದಿಂದ ಪ್ರತಿ ಮಗುವಿಗೂ ಅಂಗನವಾಡಿಯಿಂದ ಉಚಿತ ಆಹಾರ ಸಿಗಬೇಕು. ಕಾಯ್ದೆ ಬಂದಾಗ ಅದರ ಅನುಬಂಧದಲ್ಲಿ ಬರೆದ ಪ್ರಮಾಣ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್. ಮೂರು ವರ್ಷದೊಳಗಿನ ಮಕ್ಕಳಿಗೆ ನಮ್ಮಲ್ಲಿ ಮನೆಗೆ ಕೊಡುವ ಪುಷ್ಟಿ ಹಿಟ್ಟು ಇದೇ. ಅದನ್ನು ಇಡೀ ಮನೆ ಹಂಚಿಕೊಂಡು ಉಂಡೆ ಕಟ್ಟಿ ತಿಂದರೆ ಮಗುವಿನ ಪಾಲು ಉಳಿಯೋದಿಲ್ಲ. ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಉಳಿಯುವ ತಾಯಿಗೆ ಕೂಲಿ ನಷ್ಟದ ಪರಿಹಾರವೂ ಇದೆ. ಅಳೆಯುವ ಟೇಪು ಅಂಗನವಾಡಿ ಟೀಚರ್ ಹತ್ತಿರ ಇರುತ್ತೆ, ಅಳೆಯಿರಿ ಅಂತ ಕೇಳಿ.

ಕೊನೇದಾಗಿ ಗುಳೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಅಂತ ಇಲ್ಲಿಂದ ಬಸ್ ಹತ್ತುವ ಕುಟುಂಬಗಳ ಜೊತೆ ಕೂಸುಗಳೂ ಹೋಗುತ್ತವೆ, ಅಂಗನವಾಡಿ ಮಾತ್ರ ಊರಲ್ಲೇ ಉಳಿಯುತ್ತೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್‌ನಲ್ಲಿ ಮಗುವಿನ ಹೆಸರನ್ನು ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ವರ್ಗ ಮಾಡುವ ಅವಕಾಶ ಇದೆ. ಹೊರಡುವ ಮುಂಚೆ ಟೀಚರಿಗೆ ಒಂದು ಮಾತು ಹೇಳಿ ಹೆಸರು ವರ್ಗ ಮಾಡಿಸಿ. ತಾಯಿ ಕಾರ್ಡನ್ನು ಮನೆಯ ಪೆಟ್ಟಿಗೆಯಲ್ಲಿ ಬಿಟ್ಟು ಹೋಗಬೇಡಿ, ಮಗುವಿನ ಬಟ್ಟೆಯ ಗಂಟಿನಲ್ಲೇ ಇಟ್ಟುಕೊಳ್ಳಿ. ಲಸಿಕೆ, ತೂಕ, ಬೆಳವಣಿಗೆಯ ಗೆರೆ ಎಲ್ಲ ಅದರಲ್ಲೇ ಇರೋದು. ಅಲ್ಲಿ ಇಳಿದ ಮೇಲೆ ಶೆಡ್ಡಿಗೆ ಹತ್ತಿರದ ಅಂಗನವಾಡಿ ಎಲ್ಲಿದೆ ಅಂತ ಮೊದಲ ವಾರದಲ್ಲೇ ಕೇಳಿಕೊಳ್ಳಿ.